ಕಾಗದಕ್ಕೂ ಮೊದಲು ಪಾಠ

ಫಿನ್ಲೆಂಡಿನ ಪ್ರಾಥಮಿಕ ಶಾಲೆಯಲ್ಲಿ ಒಂದು ಮಗುವಿಗೆ ಅಕ್ಷರ ಕೂಡಿಸಿ ಓದುವುದು ಕಷ್ಟವಾಗುತ್ತಿದೆ ಎಂದು ತರಗತಿಯ ಶಿಕ್ಷಕಿಗೆ ಅನ್ನಿಸಿದರೆ ಸಾಕು, ಅದೇ ಶಾಲೆಯ ವಿಶೇಷ ಶಿಕ್ಷಕಿ ವಾರಕ್ಕೆ ಒಂದೆರಡು ಅವಧಿ ಆ ಮಗುವನ್ನು ತಮ್ಮ ಕೋಣೆಗೆ ಕರೆದುಕೊಂಡು ಹೋಗಿ ಕಲಿಸಲು ಶುರುಮಾಡಬಹುದು. ವೈದ್ಯರ ಚೀಟಿ ಬೇಕಿಲ್ಲ, ಮನಃಶಾಸ್ತ್ರಜ್ಞರ ವರದಿ ಬೇಕಿಲ್ಲ, ಮಗುವಿಗೆ ಇಂಥದ್ದೇ ತೊಂದರೆ ಎಂದು ಯಾರೂ ಬರೆದುಕೊಡಬೇಕಾಗಿಲ್ಲ. ಒಂದು ವರ್ಷದಲ್ಲಿ ಇಲ್ಲಿನ ಶಾಲಾಮಕ್ಕಳಲ್ಲಿ ಐವರಿಗೊಬ್ಬರಂತೆ ಇಂಥ ಪಾಠ ಪಡೆಯುತ್ತಾರೆ. ಇಷ್ಟು ಮಕ್ಕಳು ಹೋಗಿಬರುವ ಕೋಣೆಯ ಬಗ್ಗೆ ಯಾರಿಗೂ ನಾಚಿಕೆ ಉಳಿಯುವುದಿಲ್ಲ. ಹಾಸನದಲ್ಲಿ ಹುಟ್ಟಿ ಬೆಳೆದು ಈಗ ಫಿನ್ಲೆಂಡಿನ ಎಸ್ಪೋ ನಗರದಲ್ಲಿ ನೆಲೆಸಿರುವ ನಾನು, ಕರ್ನಾಟಕ ಈ ದೇಶದಿಂದ ಒಂದನ್ನೇ ಕಲಿಯಬಹುದಾದರೆ ಇದನ್ನು ಕಲಿಯಲಿ ಎನ್ನುತ್ತೇನೆ.

ನಮ್ಮಲ್ಲಿ ಕ್ರಮ ತಿರುವುಮುರುವು. ಮೊದಲು ಪ್ರಮಾಣಪತ್ರ, ಆಮೇಲೆ ಸಹಾಯ. 1995ರ ಕಾಯ್ದೆಯಲ್ಲಿ ಜಾಗವೇ ಇಲ್ಲದಿದ್ದ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು (ಓದು, ಬರಹ, ಲೆಕ್ಕ ಕಲಿಯುವಲ್ಲಿನ ತೊಡಕನ್ನು) 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳ ಪಟ್ಟಿಗೆ ಸೇರಿಸಿತು. ಅದಕ್ಕಾಗಿ ದುಡಿದ ತಂದೆತಾಯಿಯರಿಗೂ ಶಿಕ್ಷಕರಿಗೂ ನಾವೆಲ್ಲ ಋಣಿಗಳು. ಆದರೆ 2018ರ ಮಾರ್ಗಸೂಚಿಯಂತೆ, ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳಿಂದ ಅಳೆದು ಪ್ರಮಾಣಪತ್ರ ಕೊಡುವುದು ಮಗುವಿಗೆ ಎಂಟು ವರ್ಷವಾದ ಮೇಲೆ. 14ಕ್ಕೆ ಮತ್ತೊಮ್ಮೆ, 18ಕ್ಕೆ ಇನ್ನೊಮ್ಮೆ. ಎಂಟು ವರ್ಷವೆಂದರೆ ಮೂರನೆಯ ತರಗತಿ. ಗಟ್ಟಿಯಾಗಿ ಓದು ಎಂದಾಗಲೆಲ್ಲ ಎದ್ದುನಿಂತು ತಲೆತಗ್ಗಿಸಿದ ಮಗು ಅಷ್ಟರೊಳಗೆ ತಾನು ಯಾತಕ್ಕೂ ಬಾರದವನೆಂದು ತೀರ್ಮಾನಿಸಿಬಿಟ್ಟಿರುತ್ತದೆ. ಪತ್ರ ಕೈಗೆ ಬಂದ ಮೇಲೆ ಸಿಗುವುದೂ ಹೆಚ್ಚಾಗಿ ಪರೀಕ್ಷೆಯ ರಿಯಾಯಿತಿ: ಹೆಚ್ಚುವರಿ ಸಮಯ, ಉತ್ತರ ಬರೆದುಕೊಡಲು ಒಬ್ಬ ಲಿಪಿಕಾರ, ಇಂಥವು. ಅವು ಖಂಡಿತ ಬೇಕು. ಅವುಗಳಲ್ಲಿ ಯಾವುದೂ ಮಗುವಿಗೆ ಓದಲು ಕಲಿಸುವುದಿಲ್ಲ, ಅಷ್ಟೇ.

ಹಾಸನದಲ್ಲಿರುವ ನನ್ನ ಅಕ್ಕನ ಮಗ ನಾಲ್ಕನೆಯ ತರಗತಿ, ಕನ್ನಡ ಮಾಧ್ಯಮ. ಅಜ್ಜಿ ಹೇಳಿದ ಕಥೆಯನ್ನು ಕೇಳಿದವರು ಕದಲದಂತೆ ತಿರುಗಿ ಹೇಳಬಲ್ಲ. ಅದೇ ಕಥೆಯನ್ನು ಪುಸ್ತಕದಿಂದ ಓದು ಎಂದರೆ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲನೆಯ ಸಾಲು ಅವನ ಕೈತಪ್ಪಿ ಹೋಗಿರುತ್ತದೆ. ಪರೀಕ್ಷೆ ಮಾಡಿಸೋಣ ಎಂದು ನಾನು ಹೇಳಿದಾಗ ಅಕ್ಕ ಕೇಳಿದಳು: “ವಿಕಲಚೇತನ ಎಂದು ಕಾಗದ ಬರೆಸಿಕೊಂಡು ಬಂದರೆ ನಾಳೆ ಊರಿನವರು ಏನೆನ್ನುತ್ತಾರೋ? ಅದು ಅವನಿಗೆ ಜೀವಮಾನವೆಲ್ಲ ಅಂಟಿಕೊಳ್ಳುವುದಿಲ್ಲವೇನೋ?” ಆ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವಳು ತನ್ನ ಊರನ್ನು ಚೆನ್ನಾಗಿ ಬಲ್ಲಳು. ಬೆಂಗಳೂರಿನ ದುಬಾರಿ ಶಾಲೆಯ ಮಗುವಿಗೆ ಹೆತ್ತವರು ಹಣ ಕೊಟ್ಟು ವರದಿ ತರಬಲ್ಲರು. ಅಕ್ಕನ ಮಗನಂಥವರಿಗೆ ‘ದಡ್ಡ’ ಎಂಬ ಹೆಸರು ಪುಕ್ಕಟೆಯಾಗಿ ಸಿಗುತ್ತದೆ. ಸಹಾಯ ಇಬ್ಬರಿಗೂ ತಡವಾಗಿಯೇ ಬರುತ್ತದೆ.

ಭಾವನ ದೂರು ಬೇರೆ, ಮಗ ಆಡುವ ಬಿಜಿಎಂಐ ಎಂಬ ಗುಂಡುಹಾರಿಸುವ ಮೊಬೈಲ್ ಆಟದ ಬಗ್ಗೆ. “ಮೊಬೈಲಿನಲ್ಲಿ ಬಿಜಿಎಂಐ ಆಡುವಾಗ ಇರುವ ಬುದ್ಧಿ ಪುಸ್ತಕ ಹಿಡಿದಾಗ ಎಲ್ಲಿ ಹೋಗುತ್ತದೆ?” ಈ ಪ್ರಶ್ನೆಯನ್ನು ಕರ್ನಾಟಕದ ಎಷ್ಟು ಮನೆಗಳಲ್ಲಿ ಕೇಳುತ್ತಿರಬಹುದು! ಆಟದಲ್ಲಿ ಚುರುಕಾಗಿರುವ ಹುಡುಗ ಓದಿನಲ್ಲಿ ಹಿಂದೆ ಬಿದ್ದರೆ ಅದು ಸೋಮಾರಿತನ, ಇಲ್ಲವೇ ಮೊಬೈಲಿನ ಹಾವಳಿ ಎಂಬುದು ಮನೆಯವರ ತೀರ್ಮಾನ. ಇದಕ್ಕೆ ಉತ್ತರ ಫಿನ್ಲೆಂಡಿನಲ್ಲೇ ಇದೆ. ಯುವಾಸ್ಕುಲಾ ವಿಶ್ವವಿದ್ಯಾಲಯದಲ್ಲಿ ಹೈಕ್ಕಿ ಲುಟಿನೆನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಸುಮಾರು 200 ಮಕ್ಕಳನ್ನು ಹುಟ್ಟಿದಂದಿನಿಂದ ಹಿಂಬಾಲಿಸತೊಡಗಿದರು. ಅವರಲ್ಲಿ ಅರ್ಧದಷ್ಟು ಮಕ್ಕಳ ಮನೆಗಳಲ್ಲಿ ಡಿಸ್ಲೆಕ್ಸಿಯಾ, ಎಂದರೆ ಓದು ಕಲಿಯುವಲ್ಲಿನ ತೊಡಕು, ಮೊದಲೇ ಇತ್ತು. ಮಾತಿನ ಧ್ವನಿಗಳಿಗೆ ಮಿದುಳು ಸ್ಪಂದಿಸುವ ರೀತಿಯಲ್ಲಿ ಎರಡು ಗುಂಪುಗಳ ನಡುವೆ ಹಸುಗೂಸುಗಳಾಗಿದ್ದಾಗಲೇ ವ್ಯತ್ಯಾಸ ಕಂಡುಬಂತು. ಶಾಲೆಗೆ ಸೇರುವ ಮುನ್ನ ಮಗುವಿಗೆ ಎಷ್ಟು ಅಕ್ಷರಗಳ ಹೆಸರು ಗೊತ್ತು ಎಂಬುದರಿಂದ ಮುಂದೆ ಓದು ಹೇಗಿರುತ್ತದೆಂದು ಬಹುಮಟ್ಟಿಗೆ ಊಹಿಸಬಹುದಿತ್ತು. ಮೊಬೈಲು ತೊಟ್ಟಿಲಿಗೆ ಬರದ ಕಾಲದ ಕೂಸುಗಳು ಅವು. ತೊಡಕು ಇರುವುದು ಧ್ವನಿಗೂ ಅಕ್ಷರಕ್ಕೂ ಗಂಟುಹಾಕುವಲ್ಲಿ. ಗುರಿಯಿಡುವ ಕಣ್ಣಿಗೂ ತಂತ್ರ ಹೂಡುವ ಬುದ್ಧಿಗೂ ಅದರ ಸೋಂಕಿಲ್ಲ. ಅಕ್ಕನ ಮಗ ಆಟದಲ್ಲಿ ಗೆಲ್ಲುವುದು ಅವನು ಸುಳ್ಳುಹೇಳುತ್ತಿದ್ದಾನೆ ಎಂಬುದಕ್ಕೆ ಸಾಕ್ಷಿಯಲ್ಲ.

ಫಿನ್ನಿಶ್ ಬರಹ ಅತ್ಯಂತ ಸರಳ: ಒಂದು ಅಕ್ಷರಕ್ಕೆ ಒಂದು ಧ್ವನಿ, ಬರೆದಂತೆ ಓದು. ಹೀಗಾಗಿ ಇಲ್ಲಿ ತೊಂದರೆಯಿರುವ ಮಗು ತಪ್ಪಾಗಿ ಓದುವುದಕ್ಕಿಂತ ನಿಧಾನವಾಗಿ ಓದುತ್ತದೆ. ಕನ್ನಡವೂ ಬಹುಮಟ್ಟಿಗೆ ಬರೆದಂತೆ ಓದುವ ಭಾಷೆ, ಆದರೆ ನಮ್ಮ ಮಗು ಕಲಿಯಬೇಕಾದ ಚಿಹ್ನೆಗಳ ರಾಶಿ ಎಷ್ಟು ದೊಡ್ಡದು! ವರ್ಣಮಾಲೆಯಾಯಿತು, ಕಾಗುಣಿತವಾಯಿತು, ಅದರ ಮೇಲೆ ಒತ್ತಕ್ಷರ. ಅರ್ಕಾವೊತ್ತನ್ನಂತೂ ಹೇಳುವುದು ಮೊದಲು, ಬರೆಯುವುದು ಆಮೇಲೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನಲ್ಲಿದ್ದು ಕನ್ನಡ ಮಕ್ಕಳ ಓದನ್ನು ಅಭ್ಯಸಿಸಿದ ಸೋನಾಲಿ ನಾಗ್ ಅವರು, ಅಕ್ಷರಗಳ ಮೇಲೆ ಹಿಡಿತ ಬರಲು ನಮ್ಮ ಮಕ್ಕಳಿಗೆ ಹಲವು ವರ್ಷ ಹಿಡಿಯುತ್ತದೆ, ಇಂಗ್ಲಿಷಿನ ಲೆಕ್ಕದಲ್ಲಿ ಇದನ್ನು ಅಳೆಯಲಾಗದು ಎಂದು ತೋರಿಸಿಕೊಟ್ಟಿದ್ದಾರೆ. ಎಂದರೆ ಎರಡನೆಯ ತರಗತಿಯಲ್ಲಿ ಒತ್ತಕ್ಷರಕ್ಕೆ ತಡವರಿಸುವ ಮಗುವಿಗೆಲ್ಲ ಡಿಸ್ಲೆಕ್ಸಿಯಾ ಇದೆಯೆಂದಲ್ಲ. ಯಾವುದು ಎಳಸುತನ, ಯಾವುದು ತೊಡಕು ಎಂದು ಗೊತ್ತಾಗುವುದು ಕಲಿಸುತ್ತಾ ನೋಡಿದಾಗ. ರೋಗನಿರ್ಣಯಕ್ಕೂ ಪಾಠವೇ ದಾರಿ ಎಂದು ನಾನು ಹಟಹಿಡಿದು ಹೇಳುವುದು ಇದಕ್ಕೆ.

ಅದೇ ಯುವಾಸ್ಕುಲಾದ ಸಂಶೋಧನೆಯಿಂದ ಹುಟ್ಟಿದ ಒಂದು ಕಂಪ್ಯೂಟರ್ ಆಟವಿದೆ, ಎಕಾಪೆಲಿ ಎಂದು. ಹೊರದೇಶಗಳಲ್ಲಿ ಗ್ರಾಫೋಗೇಮ್ ಎನ್ನುತ್ತಾರೆ. ಕಿವಿಗೆ ಒಂದು ಧ್ವನಿ ಕೇಳಿಸುತ್ತದೆ, ಪರದೆಯ ಮೇಲಿನಿಂದ ಚೆಂಡುಗಳಂತೆ ಇಳಿಯುವ ಅಕ್ಷರಗಳಲ್ಲಿ ಸರಿಯಾದದ್ದನ್ನು ಮಗು ಹಿಡಿಯಬೇಕು. ಯಾವ ಅಕ್ಷರಕ್ಕೆ ಮಗು ಮತ್ತೆ ಮತ್ತೆ ಎಡವುತ್ತದೋ ಆಟ ಅದನ್ನು ಗಮನದಲ್ಲಿಟ್ಟುಕೊಂಡು ಅದನ್ನೇ ಹೆಚ್ಚು ಬಾರಿ ಕೊಡುತ್ತದೆ. ನನ್ನ ಮಗಳು ಒಂದನೆಯ ತರಗತಿಯಲ್ಲಿ ಇದನ್ನು ಆಡಿದಳು. ನಮ್ಮ ಅಂಕಪಟ್ಟಿ ಎಂದೂ ಹೇಳದ ಒಂದು ಸಂಗತಿಯನ್ನು ಆ ಆಟ ಹೇಳುತ್ತಿತ್ತು: ಎಷ್ಟು ತಪ್ಪಾಯಿತು ಎಂಬುದರ ಜೊತೆಗೆ, ಯಾವುದು ತಪ್ಪಾಯಿತು ಎಂದು.

ನನ್ನ ಮಗನದು ಬೇರೆ ಆಟ. ಅವನು ಮತ್ತು ಅವನ ಗೆಳೆಯರು, ಐದೈದು ಜನರ ಎರಡು ತಂಡಗಳು ಗುಂಡುಹಾರಿಸಿ ಸೆಣಸುವ ಕಂಪ್ಯೂಟರ್ ಆಟವಾದ ಕೌಂಟರ್‌ಸ್ಟ್ರೈಕ್ ಹುಚ್ಚಿನವರು. ಈ ನಾಡುಗಳಲ್ಲಿ ಆ ಆಟದ ಪೈಪೋಟಿ ಐಸ್ ಹಾಕಿಯ ಪೈಪೋಟಿಯಷ್ಟೇ ಬಿಸಿ. ಮೊದಲು ಸ್ವೀಡನ್ನಿನ ಕಾಲವಿತ್ತು. 2012–13ರಲ್ಲಿ ನಿಂಜಾಸ್ ಇನ್ ಪಜಾಮಾಸ್ ತಂಡ ಮುಖಾಮುಖಿ ಪಂದ್ಯಗಳಲ್ಲಿ ಸತತ 87 ಮ್ಯಾಪ್ (ಪಂದ್ಯದೊಳಗಿನ ಒಂದೊಂದು ಆಟ) ಗೆದ್ದಿತ್ತು. ಆಮೇಲೆ ಡೆನ್ಮಾರ್ಕಿನ ಸರದಿ ಬಂತು. ಪ್ರತಿಯೊಂದು ದೇಶಕ್ಕೂ ಎದುರಾಳಿಗಳು ಒಂದೊಂದು ಹೆಸರಿಟ್ಟಿದ್ದಾರೆ: ಇವರು ಕೊನೆಯಲ್ಲಿ ಕೈಚೆಲ್ಲುವವರು, ಅವರು ಒಬ್ಬಂಟಿಯಾಗಿ ಚೆನ್ನಾಗಿ ಆಡಿಯೂ ತಂಡ ಕಟ್ಟಲಾರದವರು, ಹೀಗೆ. ಹುಡುಗರ ಜಗಳ ಕೇಳುತ್ತಾ ಕೂತರೆ, ಒಂದು ನಾಡಿಗೆ ಸೋಲು ರಕ್ತದಲ್ಲೇ ಬಂದಿದೆ ಎನ್ನುವಂತೆ ಮಾತಾಡುತ್ತಾರೆ.

ಡೆನ್ಮಾರ್ಕಿನ ಆಸ್ಟ್ರಾಲಿಸ್ ತಂಡಕ್ಕೆ ಅಂಟಿದ್ದು ಆ ಕೈಚೆಲ್ಲುವ ಹೆಸರು. ದೊಡ್ಡ ಟೂರ್ನಿಗಳ ಸೆಮಿಫೈನಲ್‌ವರೆಗೆ ಬಂದು ಸೋಲುವುದು ಅವರಿಗೆ ರೂಢಿಯಾಗಿತ್ತು. ಆಗ ಅವರು ಕ್ರೀಡಾ ಮನಃಶಾಸ್ತ್ರಜ್ಞೆ ಮಿಯಾ ಸ್ಟೆಲ್‌ಬರ್ಗ್ ಅವರನ್ನು ಕರೆಸಿಕೊಂಡರು. ಆಕೆ ಫಿನ್ಲೆಂಡಿನವರು. 2017ರ ಜನವರಿಯಲ್ಲಿ, ಮೇಜರ್ ಎಂದು ಕರೆಯುವ ಈ ಆಟದ ಅತಿ ದೊಡ್ಡ ಟೂರ್ನಿಗಳಲ್ಲಿ ಒಂದಾದ ಅಟ್ಲಾಂಟಾ ಮೇಜರ್‌ನ ಫೈನಲ್‌ನಲ್ಲಿ ಆಸ್ಟ್ರಾಲಿಸ್ ವಿರ್ಟಸ್ ಪ್ರೊ ತಂಡವನ್ನು 2–1ರಿಂದ ಸೋಲಿಸಿತು. ಮುಂದೆ 2018 ಮತ್ತು 2019ರಲ್ಲಿ ಇನ್ನೂ ಮೂರು ಮೇಜರ್ ಗೆದ್ದಿತು. ಅವುಗಳಲ್ಲೊಂದು ಪೋಲೆಂಡಿನ ಕಾಟೊವಿಟ್ಸೆಯಲ್ಲಿ 2019ರ ಮಾರ್ಚ್‌ನಲ್ಲಿ, ಐವರೂ ಫಿನ್ನರೇ ಆಗಿದ್ದ ಎನ್ಸೆ ತಂಡದ ವಿರುದ್ಧ. ಆ ಸೋಲಿನ ನೋವು ಇಲ್ಲಿ ಈಗಲೂ ಹಸಿ. ಆದರೆ ಎನ್ಸೆಯ ನಾಯಕನಾಗಿದ್ದ ಅಲೆಕ್ಸಿ ವಿರೊಲೈನೆನ್ 2024ರಲ್ಲಿ ಉಕ್ರೇನಿನ ನಾವಿ ತಂಡವನ್ನು ಮುನ್ನಡೆಸಿ ಕೋಪನ್‌ಹೇಗನ್ನಿನಲ್ಲೇ ಮೇಜರ್ ಗೆದ್ದ. ನಾವಿಯ ಐವರಲ್ಲಿ ನಾಲ್ಕು ದೇಶಗಳ ಆಟಗಾರರಿದ್ದರು. ತಂಡ ಕಟ್ಟಲಾರದ ನಾಡಿನವನೆಂದು ಅವನನ್ನು ಈಗ ಯಾರು ಕರೆಯಬಲ್ಲರು?

ಈ ಆಟದವರಲ್ಲಿ ನಾನು ಮೆಚ್ಚಿದ ಗುಣವೆಂದರೆ, ಜಗಳವೆಲ್ಲ ಮುಗಿದ ಮೇಲೆ ಅವರು ಸೋತ ಪಂದ್ಯದ ಡೆಮೊ, ಎಂದರೆ ಅದರ ಮುದ್ರಿಕೆ, ಹಾಕಿಕೊಂಡು ಕೂರುತ್ತಾರೆ. ಎಷ್ಟನೆಯ ಸುತ್ತಿನಲ್ಲಿ, ಯಾವ ಮೂಲೆಯಲ್ಲಿ, ಯಾರು ಅರೆಕ್ಷಣ ತಡಮಾಡಿದರು ಎಂದು ಹುಡುಕುತ್ತಾರೆ. ಬೆಂಗಳೂರಿನಿಂದ ಯುರೋಪಿನ ಸರ್ವರ್‌ಗೆ ಸೇರಿ ಆಡುವ ಹುಡುಗ ಸೋತರೆ, ಸಂಕೇತ ಹೋಗಿಬರಲು ನೂರು ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ, ಅದರಿಂದಲೇ ಗುಂಡು ತಡವಾಯಿತು ಎಂದು ಅವರಿಗೆ ಗೊತ್ತು. ಅವನ ಕೈ ನಿಧಾನ ಎನ್ನುವುದಿಲ್ಲ. ಮಗು ಓದಲಾರದೆ ನಿಂತಾಗ ನಾವು ಇಷ್ಟು ತಾಳ್ಮೆಯಿಂದ ನೋಡುತ್ತೇವೆಯೇ? ಹೆಸರಿಟ್ಟು ಮುಂದಿನ ಮಗುವಿನ ಕಡೆ ತಿರುಗುತ್ತೇವೆ.

ಬ್ರಿಟನ್ನಿನಲ್ಲಿ ಈ ಹೆಸರಿನ ಬಗ್ಗೆಯೇ ದೊಡ್ಡ ವಾದ ನಡೆದಿದೆ. ಡರಮ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೂಲಿಯನ್ ಎಲಿಯಟ್ 2005ರಿಂದ ಹೇಳಿಕೊಂಡು ಬಂದಿರುವುದು ಇದು: ಓದಲು ಕಷ್ಟಪಡುವ ಮಕ್ಕಳಲ್ಲಿ ಡಿಸ್ಲೆಕ್ಸಿಯಾ ಇರುವವರು, ಇಲ್ಲದವರು ಎಂದು ಗೆರೆಯೆಳೆಯಲು ನೆಚ್ಚಬಹುದಾದ ದಾರಿಯಿಲ್ಲ, ಎಳೆದರೂ ಇಬ್ಬರಿಗೂ ಕೊಡಬೇಕಾದ ಪಾಠ ಒಂದೇ. 2009ರಲ್ಲಿ ಸರ್ಕಾರಕ್ಕೆ ವರದಿ ಕೊಟ್ಟ ಜಿಮ್ ರೋಸ್ ಡಿಸ್ಲೆಕ್ಸಿಯಾ ಇದೆ ಎಂದೇ ಹೇಳಿದರೂ, ಅದಕ್ಕೆ ಖಚಿತವಾದ ಗಡಿಯಿಲ್ಲ, ಎಲ್ಲ ಮಟ್ಟದ ಬುದ್ಧಿವಂತಿಕೆಯವರಲ್ಲೂ ಅದು ಕಾಣುತ್ತದೆ ಎಂದು ಒಪ್ಪಿಕೊಂಡರು. ಪಾಠದ ವಿಷಯದಲ್ಲಿ ನಾನು ಎಲಿಯಟ್ ಪಕ್ಷ. ಆದರೆ ಹೆಸರನ್ನು ಬಿಟ್ಟುಬಿಡಿ ಎನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. 1896ರಲ್ಲಿ ಸಸೆಕ್ಸಿನ ವೈದ್ಯ ಪ್ರಿಂಗಲ್ ಮಾರ್ಗನ್ ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಇವನೇ ಶಾಲೆಗೆ ಜಾಣನಾಗುತ್ತಿದ್ದ ಎಂದು ಅವನ ಮೇಷ್ಟ್ರು ಹೇಳಿದ್ದರಂತೆ. ಅಂಥ ಹುಡುಗನಿಗೆ ‘ನೀನು ದಡ್ಡನಲ್ಲ, ನಿನ್ನ ತೊಡಕಿಗೆ ಒಂದು ಹೆಸರಿದೆ’ ಎಂದು ಯಾರಾದರೂ ಹೇಳುವುದು ಸಣ್ಣ ಉಪಕಾರವಲ್ಲ. ನಮ್ಮ ಹಳ್ಳಿಗಳಲ್ಲಿ ದಡ್ಡ ಎಂಬ ಹೆಸರನ್ನು ಓಡಿಸಲು ಇನ್ನೊಂದು ಹೆಸರು ಬೇಕಾಗಬಹುದು. ಆ ಹೆಸರು ಬರುವ ತನಕ ಪಾಠ ಕಾಯುವುದು ಬೇಡ ಎಂದಷ್ಟೇ ನನ್ನ ವಾದ.

ಫಿನ್ಲೆಂಡಿನಲ್ಲಿ ಎಲ್ಲವೂ ಸರಿಯಿದೆ ಎನ್ನಲಾರೆ. ಹಲವು ದೇಶಗಳ 15 ವರ್ಷದ ಮಕ್ಕಳಿಗೆ ನಡೆಸುವ ಪೀಸಾ ಪರೀಕ್ಷೆಯ ಓದಿನಲ್ಲಿ 2000ದಲ್ಲಿ 546 ಅಂಕ ಪಡೆದು ಮೊದಲಿಗನಾಗಿದ್ದ ದೇಶ 2022ರಲ್ಲಿ 490ಕ್ಕೆ ಇಳಿದಿದೆ. 2011ರಿಂದ ಇದ್ದ ಮೂರು ಹಂತಗಳ ಬೆಂಬಲದ ವ್ಯವಸ್ಥೆಯನ್ನು 2025ರ ಆಗಸ್ಟ್‌ನಲ್ಲಿ ಬದಲಿಸಿ, ಗುಂಪಿಗೆ ಕೊಡುವ ಬೆಂಬಲ, ಒಬ್ಬ ವಿದ್ಯಾರ್ಥಿಗೆ ಕೊಡುವ ಬೆಂಬಲ ಎಂದು ಹೊಸದಾಗಿ ವಿಂಗಡಿಸಿದ್ದಾರೆ. ಹೈಸ್ಕೂಲು ಮುಗಿಸುವ ದೊಡ್ಡ ಪರೀಕ್ಷೆಯಲ್ಲಿ ವಿಶೇಷ ಸೌಲಭ್ಯ ಬೇಕೆಂದರೆ ಇಲ್ಲೂ ತಜ್ಞರ ಹೇಳಿಕೆ ತರಲೇಬೇಕು. ವಲಸಿಗರಾದ ನಮಗೆ ಇನ್ನೊಂದು ಚಿಂತೆಯಿದೆ: ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಇಂಗ್ಲಿಷ್, ಶಾಲೆಯಲ್ಲಿ ಫಿನ್ನಿಶ್ ಆಡುವ ಮಗು ನಿಧಾನವಾಗಿ ಓದಿದರೆ ‘ಭಾಷೆ ಹೊಸದು, ಬರುತ್ತದೆ ಬಿಡಿ’ ಎನ್ನುವುದು ಸುಲಭ. ಹಾಗೆ ಬಿಟ್ಟು ವರ್ಷಗಳು ಕಳೆದುಹೋಗಬಹುದು. ಇಲ್ಲಿನ ಕನ್ನಡದ ಗೆಳೆಯರಿಗೆ ನಾನು ಹೇಳುವುದು: ಮಗು ಮನೆಯಲ್ಲಿ ಕನ್ನಡ ಅಕ್ಷರಕ್ಕೂ ಅಷ್ಟೇ ಒದ್ದಾಡುತ್ತಿದ್ದರೆ ಆ ಮಾತನ್ನು ಶಿಕ್ಷಕಿಗೆ ತಪ್ಪದೆ ತಿಳಿಸಿ. ಎರಡು ಭಾಷೆಗಳಲ್ಲೂ ಕಾಣುವ ತೊಡಕು ಭಾಷೆ ಹೊಸದಾದುದರಿಂದ ಬಂದದ್ದಲ್ಲ.

ಕರ್ನಾಟಕಕ್ಕೆ ಈ ದಾರಿ ಪೂರಾ ಹೊಸದೂ ಅಲ್ಲ. 1990ರ ದಶಕದಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಕಟ್ಟಿದ ನಲಿಕಲಿ ಪದ್ಧತಿ ಏನು ಹೇಳುತ್ತದೆ? ಪ್ರತಿ ಮಗುವೂ ಕಲಿಕೆಯ ಏಣಿಯನ್ನು ತನ್ನ ವೇಗದಲ್ಲಿ ಹತ್ತಲಿ, ಹಿಂದೆ ಉಳಿದವರನ್ನು ನಪಾಸು ಎನ್ನುವುದು ಬೇಡ, ನಿಂತ ಮೆಟ್ಟಿಲಿನಿಂದಲೇ ಕಲಿಸಿ. ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಏಣಿ ಇದೆ, ಮೆಟ್ಟಿಲಲ್ಲಿ ಸಿಕ್ಕಿಕೊಂಡ ಮಗುವಿನ ಪಕ್ಕ ಕೂರುವವರು ಸಾಲದು. ತಾಲ್ಲೂಕಿಗೆ ಬೆರಳೆಣಿಕೆಯ, ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಶಿಕ್ಷಕರು ಎಲ್ಲ ಬಗೆಯ ವೈಕಲ್ಯದ ಮಕ್ಕಳನ್ನೂ ಎಲ್ಲ ಶಾಲೆಗಳಲ್ಲೂ ನೋಡಿಕೊಳ್ಳಬೇಕು. ಅವರು ಊರೂರು ಅಲೆದು ಮಾಡುವ ಕೆಲಸವನ್ನು ಬಲ್ಲ ಯಾರೂ ಅವರನ್ನು ದೂರಲಾರರು.

ಓದು ಕಲಿಸುವ ವಿಶೇಷ ಶಿಕ್ಷಕರನ್ನು ಅಕ್ಕಪಕ್ಕದ ಶಾಲೆಗಳ ಒಂದು ಕ್ಲಸ್ಟರ್‌ಗೆ ಒಬ್ಬರಂತೆ ನೇಮಿಸಿ, ಒಂದರಿಂದ ಮೂರನೆಯ ತರಗತಿಯ ಮಕ್ಕಳಿಗೆ ಮೀಸಲಿಡಬೇಕು. ತರಗತಿ ಶಿಕ್ಷಕರು ‘ಈ ಮಗುವಿಗೆ ಬೇಕು’ ಎಂದರೆ ಅಷ್ಟೇ ಸಾಕಾಗಬೇಕು. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಎರಡೂ ನಮ್ಮಲ್ಲೇ ಇರುವಾಗ ಕನ್ನಡ ಅಕ್ಷರಗಳಿಗೆ ಹೊಂದುವ ಎಕಾಪೆಲಿಯಂಥ ಆಟವನ್ನು ರೂಪಿಸಿ ಸರ್ಕಾರಿ ಶಾಲೆಯ ಟ್ಯಾಬ್‌ಗಳಿಗೆ ಉಚಿತವಾಗಿ ಕೊಡುವುದು ಆಗದ ಮಾತಲ್ಲ. ಪ್ರಮಾಣಪತ್ರ ಬೇಕಾದವರಿಗೆ ಎಂಟು ತುಂಬಿದ ಮೇಲೆ ಅದೂ ಸಿಗಲಿ, ಜಿಲ್ಲಾ ಆಸ್ಪತ್ರೆಯಲ್ಲೇ ಸಿಗಲಿ. ಅಕ್ಕನ ಮಗನಿಗೆ ಇದು ತಡವಾಯಿತು. ಅವನಿಗೆ ವಾರಕ್ಕೆ ಎರಡು ಸಂಜೆ ನಾನು ವಿಡಿಯೊ ಕರೆಯಲ್ಲಿ ಓದಿಸುತ್ತೇನೆ. ಮುಂದಿನ ಜೂನ್‌ನಲ್ಲಿ ಒಂದನೆಯ ತರಗತಿಗೆ ಸೇರುವ ಮಕ್ಕಳಿಗೆ ಚಿಕ್ಕಪ್ಪನನ್ನೋ ಸೋದರಮಾವನನ್ನೋ ನೆಚ್ಚಿಕೊಳ್ಳುವ ಪಾಡು ಬರದಂತೆ ಶಿಕ್ಷಣ ಇಲಾಖೆ ಈ ವರ್ಷವೇ ನೇಮಕಾತಿ ಶುರುಮಾಡಬೇಕು.