ಅಸಲಿ ಕಪ್ಪು

ಆಷಾಢದ ಒಂದು ರಾತ್ರಿ. ತಂತಿಯ ಮೇಲೆ ಮರ ಬಿದ್ದು ಮೂರು ದಿನವಾಗಿತ್ತು. ಶಿರಸಿಯಿಂದ ಹನ್ನೆರಡು ಕಿಲೋಮೀಟರ್ ಒಳಗಿರುವ ಭಾವನ ಮನೆಯ ಜಗುಲಿಯಲ್ಲಿ ನಾವಿಬ್ಬರು ಕುಳಿತಿದ್ದೆವು. ಭಾವ ಪಕ್ಕದಲ್ಲೇ ಇದ್ದಾನೆಂಬುದಕ್ಕೆ ಅಡಕತ್ತರಿಯ ಸದ್ದೊಂದೇ ಸಾಕ್ಷಿ. ಗುಡ್ಡದ ಮೇಲಿನ ಟವರು ಅದು ಹೇಗೋ ಜೀವ ಹಿಡಿದಿತ್ತು. ಬೆಂಗಳೂರಿನಿಂದ ಅಳಿಯನ, ಎಂದರೆ ಭಾವನ ಮಗನ, ಕರೆ ಬಂತು.

“ಮಾವ, ಇಲ್ಲಿ ಹೊಸ ಥಿಯೇಟರ್ ಆಗಿದೆ. ಲೇಸರ್ ಪ್ರೊಜೆಕ್ಟರು. ಕಪ್ಪು ಎಂದರೆ ಅಸಲಿ ಕಪ್ಪು! ಅಪ್ಪಯ್ಯನನ್ನು ಕರೆದುಕೊಂಡು ಬಂದು ಒಮ್ಮೆ ನೋಡಿ.”

ಭಾವ ಸುತ್ತಲೂ ನೋಡಿದ. ನೋಡಿದನೆಂದು ನಾನು ಊಹಿಸಿದೆ.

“ಎಷ್ಟಂತೆ?” ಎಂದ.

“ಒಬ್ಬರಿಗೆ ಆರುನೂರು, ಅಪ್ಪಯ್ಯ.”

ಅಡಕತ್ತರಿ ನಿಂತಿತು.

ಅಳಿಯ ಓದಿಕೊಂಡವನು, ಲೆಕ್ಕ ಒಪ್ಪಿಸಿದ. ಸಾಮಾನ್ಯ ಡಿಜಿಟಲ್ ಪ್ರೊಜೆಕ್ಟರು ರಾತ್ರಿಯ ದೃಶ್ಯವನ್ನು ತೋರಿಸುವಾಗಲೂ ಪರದೆಯ ಮೇಲೆ ಒಂದಿಷ್ಟು ಬೆಳಕನ್ನು ಸೋರಿಸುತ್ತಲೇ ಇರುತ್ತದೆ. ಹೀಗಾಗಿ ಅಮಾವಾಸ್ಯೆಯೂ ಬೂದಿ ಬಳಿದುಕೊಂಡಂತೆ ಕಾಣುತ್ತದೆ. ಅದರ ಬಿಳುಪಿಗೂ ಕಪ್ಪಿಗೂ ಇರುವ ಅಂತರ ಸುಮಾರು 2,000ಕ್ಕೆ 1. ಡಾಲ್ಬಿಯವರ ಜೋಡಿ ಲೇಸರ್ ಪ್ರೊಜೆಕ್ಟರಿನಲ್ಲಿ ಅದು 10 ಲಕ್ಷಕ್ಕೆ 1 ಎಂದು ಕಂಪನಿ ಹೇಳಿಕೊಳ್ಳುತ್ತದೆ. ದೇಶದಲ್ಲಿ ಅಂಥ ಮೊದಲ ಚಿತ್ರಮಂದಿರ 2025ರಲ್ಲಿ ಪುಣೆಯಲ್ಲಿ ತೆರೆಯಿತು. ಅಳಿಯ ಕರೆಯುತ್ತಿದ್ದುದು ಅದರ ದೂರದ ದಾಯಾದಿಯೊಂದಕ್ಕೆ. ಒಟ್ಟಿನಲ್ಲಿ ನಮ್ಮ ಪೇಟೆಯಲ್ಲಿ ಅಡಿಕೆಗೆ ರಾಶಿ, ಬೆಟ್ಟೆ, ಚಾಲಿ, ಬಿಳಿಗೋಟು, ಕೋಕಾ ಎಂದು ದರ್ಜೆ ಇರುವ ಹಾಗೆ ಈಗ ಕತ್ತಲೆಗೂ ದರ್ಜೆ ಬಂದಿದೆ. ಹಳೆಯ ಟಾಕೀಸುಗಳಲ್ಲಿ ನಾವು ಇಷ್ಟು ವರ್ಷ ನೋಡಿದ್ದು ಕೆಳದರ್ಜೆಯ ಕೋಕಾ ಕತ್ತಲೆ. ಭಾವನ ಜಗುಲಿಯದು ಕಲಬೆರಕೆಯಿಲ್ಲದ ರಾಶಿ, ಆದರೆ ಕೊಳ್ಳುವವರಿಲ್ಲ.

ಕಪ್ಪಿನಷ್ಟೇ ದುಬಾರಿ ಸರಕು ಮಳೆ. 2012ರಲ್ಲಿ ಬಂದ ಡಾಲ್ಬಿ ಅಟ್ಮಾಸ್‌ನಲ್ಲಿ 128 ಧ್ವನಿಪಥಗಳು, 64 ಸ್ಪೀಕರುಗಳವರೆಗೆ ಹಂಚಿಕೊಳ್ಳುವ ವ್ಯವಸ್ಥೆ, ನೆತ್ತಿಯ ಮೇಲೂ ಸ್ಪೀಕರು. ಒಂದೊಂದು ಸದ್ದಿಗೂ ಒಂದು ವಿಳಾಸ. ಇದರ ಗುಣಗಾನ ಮಾಡುವವರು ಕೊಡುವ ಉದಾಹರಣೆಯೂ ಬಹುತೇಕ ಒಂದೇ: “ಮಳೆ ನಿಮ್ಮ ತಲೆಯ ಮೇಲೆಯೇ ಸುರಿದಂತೆ ಕೇಳಿಸುತ್ತದೆ!” ಇದನ್ನು ಹೇಳುತ್ತಿರುವುದು ಘಟ್ಟದ ಜನಕ್ಕೆ.

ನನ್ನ ಬಾಲ್ಯದ ಟಾಕೀಸಿಗೆ ತಗಡಿನ ಮಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಚಿತ್ರ ಹಾಕಿದರೂ ಹಿನ್ನೆಲೆ ಸಂಗೀತ ಒಂದೇ. ಮರಳುಗಾಡಿನಲ್ಲಿ ನಾಯಕ ಹನಿ ನೀರಿಗಾಗಿ ತೆವಳುತ್ತಿದ್ದರೆ ನೆತ್ತಿಯ ಮೇಲೆ ಮುಸಲಧಾರೆ. ನಾಯಕಿ ಕಿವಿಯಲ್ಲಿ ಉಸುರಿದ ರಹಸ್ಯವನ್ನು ಮಳೆ ಬಿಟ್ಟ ಮೇಲೆ, ಎಂದರೆ ಸುಮಾರು ದೀಪಾವಳಿಗೆ, ಇನ್ನೊಮ್ಮೆ ನೋಡಿ ತಿಳಿದುಕೊಳ್ಳಬೇಕಿತ್ತು. ವಿಳಾಸದ ವಿಷಯದಲ್ಲೂ ನಾವು ಹಿಂದೆ ಬಿದ್ದವರಲ್ಲ. ಬಾಲ್ಕನಿಯ ಮೂರನೆಯ ಸಾಲಿನ ಐದನೆಯ ಕುರ್ಚಿಗೆ ನಿಖರವಾಗಿ, ಎಣಿಸಿದಂತೆ ಹನಿ ಬೀಳುತ್ತಿತ್ತು. ಊರಿನವರು ಅದನ್ನು ಬಿಟ್ಟು ಕೂರುತ್ತಿದ್ದರು. ಬಯಲುಸೀಮೆಯಿಂದ ವರ್ಗವಾಗಿ ಬಂದ ಗುಮಾಸ್ತರು ಖಾಲಿ ಕುರ್ಚಿ ಸಿಕ್ಕಿತೆಂದು ಹಿಗ್ಗಿ ಹೋಗಿ ಕೂರುತ್ತಿದ್ದರು. ಪ್ರೊಜೆಕ್ಟರಿಗೆ ಬೆಳಕು ಕೊಡುತ್ತಿದ್ದ ಕಾರ್ಬನ್ ಕಡ್ಡಿಗಳ ನಡುವಿನ ಅಂತರವನ್ನು ಆಪರೇಟರು ಮರೆತರೆ ಪರದೆ ಮಂಕಾಗಿ ನಡುಹಗಲೇ ಸಂಜೆಯಾಗುತ್ತಿತ್ತು. ಸಿಳ್ಳೆ ಹಾಕಿ, ಕುರ್ಚಿ ಕುಟ್ಟಿ, ಕೊನೆಗೆ ಎದ್ದು ಹೋಗಿ ದೂರಿದರೆ ಗೇಟಿನವನದು ವರ್ಷಗಟ್ಟಲೆ ಒಂದೇ ಉತ್ತರ: “ಆಪರೇಟರು ಚಾ ಕುಡಿಯಲು ಹೋಗಿದ್ದಾನೆ. ಬಂದ ಮೇಲೆ ಹೇಳುತ್ತೇನೆ.”

ಇರಲಿ, ನಾವು ಹೋದೆವು. ನಾನೂರು ಕಿಲೋಮೀಟರ್, ರಾತ್ರಿ ಬಸ್ಸು. ಟಿಕೆಟಿನ ಮೇಲೆ ಮೊಬೈಲಿನಲ್ಲಿ ಕಾದಿರಿಸಿದ್ದಕ್ಕೆ ಅನುಕೂಲ ಶುಲ್ಕ ಬೇರೆ. ನಮಗೆ ಅಲ್ಲಿಯವರೆಗೆ ಆದ ಅನುಕೂಲ ಯಾವುದೆಂದು ಭಾವ ದಾರಿಯುದ್ದಕ್ಕೂ ಯೋಚಿಸಿದ. ಮಾಲಿನ ಬಾಗಿಲಲ್ಲಿ ಅವನ ಕವಳದ ಸಂಚಿಯನ್ನು ಕಸಿದುಕೊಂಡು ಟೋಕನ್ ಕೊಟ್ಟರು. ಶಿರಸಿಯ ಮನುಷ್ಯನನ್ನು ಅಡಿಕೆಯಿಲ್ಲದೆ ಎರಡೂವರೆ ತಾಸು ಕತ್ತಲೆಯಲ್ಲಿ ಕೂರಿಸುವುದು ಯಾವ ಕಾನೂನಿಗೆ ಒಪ್ಪುತ್ತದೋ.

ಒಳಗೆ ಒರಗು ಕುರ್ಚಿ. ಭಾವನಿಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. ಡೇರೆಯ ಯಕ್ಷಗಾನದಲ್ಲಿ ನೆಲದ ಟಿಕೆಟ್ ತೆಗೆದು ಕಂಬಳಿ ಹಾಸಿ, ಚಂಡೆ ಜೋರಾದಾಗ ಮಾತ್ರ ಎದ್ದು ಕೂರುತ್ತಿದ್ದ ತಲೆಮಾರು ಅವನದು. ಆದರೆ ಕಂಬಳಿಗೆ ಗುಂಡಿಗಳಿರಲಿಲ್ಲ. ಯಾವುದನ್ನೋ ಒತ್ತಿದ, ಕಾಲಡಿಯ ಹಲಗೆ ಮೇಲೆದ್ದು, ಪಂಚೆ ಮೊಣಕಾಲು ದಾಟಿ, ಚಪ್ಪಲಿ ಕುರ್ಚಿಯ ಅಡಿಗೆ ಸೇರಿತು. ಅದೇ ಹೊತ್ತಿಗೆ ದೀಪ ಆರಿತು.

ಮೊದಲು ಬಂದದ್ದು ತಂಬಾಕಿನ ಎಚ್ಚರಿಕೆ. ಸ್ಪಂಜನ್ನು ಹಿಂಡಿ ಶ್ವಾಸಕೋಶದ ಟಾರನ್ನು ಬಸಿದು ತೋರಿಸುವ ಅದೇ ಹಳೆಯ ದೃಶ್ಯ, ಆದರೆ ಈಗ ಟಾರು ಅಸಲಿ ಕಪ್ಪು. ಆಮೇಲೆ ಚಿತ್ರ. ನಾಯಕ ಸಿಗರೇಟು ಹಚ್ಚಿದ ಕೂಡಲೇ ಆ ಲಕ್ಷಾಂತರ ರೂಪಾಯಿಯ ಕಪ್ಪಿನ ಮೂಲೆಯಲ್ಲಿ “ಧೂಮಪಾನ ಆರೋಗ್ಯಕ್ಕೆ ಹಾನಿಕರ” ಎಂಬ ಅಕ್ಷರಗಳು ಅಷ್ಟೇ ಅಸಲಿ ಬಿಳುಪಿನಲ್ಲಿ ಮೂಡಿದವು. ಎದುರಿನ ಸಾಲಿನಲ್ಲಿ ಒಬ್ಬರ ಮೊಬೈಲು, ಬಾಗಿಲ ಮೇಲೆ ನಿರ್ಗಮನದ ಹಸಿರು ದೀಪ. 10 ಲಕ್ಷಕ್ಕೆ 1 ಇದ್ದದ್ದು ಎಲ್ಲಿಗೆ ಇಳಿಯಿತೆಂದು ಅಳಿಯನನ್ನು ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ನಮ್ಮ ಪಾಲಿನ ಕೊಡುಗೆಯೂ ಸಂದಿತು. ಭಾವ ಟಾರ್ಚ್ ಹಚ್ಚಿ ಕುರ್ಚಿಯ ಅಡಿಗೆ ಬಗ್ಗಿ ಚಪ್ಪಲಿ ಹುಡುಕತೊಡಗಿದ. ಹಿಂದಿನಿಂದ ನಾಲ್ಕು ಜನ “ಶ್” ಎಂದರು. ಅಟ್ಮಾಸ್ ಎಂದರೆ ಅದು. ನಾಲ್ಕೂ ಬೇರೆ ಬೇರೆ ದಿಕ್ಕಿನಿಂದ, ಸ್ಪಷ್ಟವಾಗಿ ಕೇಳಿಸಿದವು.

ಸ್ಪಷ್ಟವಾಗದೆ ಹೋದದ್ದು ಮಾತು. ಹೆಲಿಕಾಪ್ಟರು ತಲೆಯ ಮೇಲೆ ಸುತ್ತಿತು, ಬಾಸ್ ಎದೆಯನ್ನು ನಡುಗಿಸಿತು (ಎದೆ ನಿಜವಾಗಿ ನಡುಗಿದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡಬೇಕಾದ ಜಿಲ್ಲೆಯವರು ನಾವು, ಹೀಗಾಗಿ ತುಸು ಗಾಬರಿಯಾಯಿತು). ಆದರೆ ನಾಯಕ ಏನೋ ಗೊಣಗಿದ್ದು ಗೊಣಗಿದಂತೆಯೇ ಉಳಿಯಿತು. ಸಂಭಾಷಣೆ ಬರುವುದು ಈಗಲೂ ಹೆಚ್ಚಾಗಿ ಪರದೆಯ ಹಿಂದಿನ ನಡು ಸ್ಪೀಕರಿನಿಂದ. ಅದಕ್ಕಾಗಿ ಪರದೆಗೆ ಸಣ್ಣ ಸಣ್ಣ ತೂತು ಹೊಡೆದಿರುತ್ತಾರೆಂದು ಅಳಿಯ ಮಧ್ಯಂತರದಲ್ಲಿ ವಿವರಿಸಿದ. “ನಮ್ಮ ಟಾಕೀಸಿನ ಪರದೆಗೂ ತೂತಿತ್ತು” ಎಂದ ಭಾವ. “ಒಂದೇ ಇತ್ತು, ದೊಡ್ಡದು.”

ಸರಕಾರಕ್ಕೂ ಈ ಪ್ರೀಮಿಯಂ ಎಂಬುದರ ಅರ್ಥ ಹುಡುಕುವ ಗ್ರಹಚಾರ ಬಂದಿತ್ತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯದಲ್ಲಿ ಟಿಕೆಟಿಗೆ, ತೆರಿಗೆ ಬಿಟ್ಟು, 200 ರೂಪಾಯಿಯ ಮಿತಿ ಹಾಕಿ ನಿಯಮ ಬಂತು. ಅದೇ ತಿಂಗಳು ಹೈಕೋರ್ಟಿನಿಂದ ಮಧ್ಯಂತರ ತಡೆಯೂ ಬಂತು. ಆ ನಿಯಮದಲ್ಲಿ ಒಂದು ವಿನಾಯಿತಿ ಇತ್ತು: 75 ಅಥವಾ ಅದಕ್ಕಿಂತ ಕಡಿಮೆ ಆಸನಗಳಿರುವ ಪ್ರೀಮಿಯಂ ಸೌಲಭ್ಯದ ಬಹುಪರದೆ ಮಂದಿರಗಳಿಗೆ ಮಿತಿ ಅನ್ವಯಿಸದು. ಜನ ಕಡಿಮೆಯಾದಷ್ಟೂ ವೈಭವ ಹೆಚ್ಚು ಎಂದಾದರೆ, ಬಾಗಿಲು ಹಾಕುವ ಮೊದಲಿನ ವರ್ಷ ನಮ್ಮ ಟಾಕೀಸಿನ ಸೋಮವಾರದ ಮ್ಯಾಟ್ನಿಗೆ ಹನ್ನೊಂದು ಜನ ಕೂರುತ್ತಿದ್ದರು. ಅಷ್ಟೊಂದು ಪ್ರೀಮಿಯಂ ತಾಳಲಾರದೆಯೇ ಅದು ಮುಚ್ಚಿದ್ದಿರಬೇಕು. ಈಗ ಅಲ್ಲಿ ಮದುವೆಗಳಾಗುತ್ತವೆ. ಸೌಂಡ್ ಸಿಸ್ಟಮ್ ಮೊದಲಿಗಿಂತ ಜೋರಾಗಿದೆ.

ಊರಿಗೆ ಮರಳಿದ ಮೇಲೆ ಭಾವ ಎರಡು ದಿನ ಸುಮ್ಮನಿದ್ದ. ಮೂರನೆಯ ದಿನ ಮನೆಯ ಹಿಂದಿನ ಹಳೆಯ ಅಡಿಕೆ ದಾಸ್ತಾನಿನ ಕೋಣೆಯನ್ನು ಗುಡಿಸಿದ. ಮೇಲೆ ತಗಡಿನ ಮಾಡು. ಎರಡು ಮಂಚ ಹಾಕಿದ. ಹೋಮ್‌ಸ್ಟೇ ಜಾಹೀರಾತನ್ನು ಅಳಿಯನೇ ಬರೆದುಕೊಟ್ಟ: ಅಸಲಿ ಕಪ್ಪು, ನೆತ್ತಿಯ ಮೇಲಿನಿಂದ ಮಳೆಯ ನೈಜ ಧ್ವನಿ, ಆಸನಗಳು ನಾಲ್ಕೇ. ರಾತ್ರಿಗೆ ಮೂರೂವರೆ ಸಾವಿರ, ಅನುಕೂಲ ಶುಲ್ಕ ಪ್ರತ್ಯೇಕ.

ಮೊದಲ ಶನಿವಾರವೇ ಬೆಂಗಳೂರಿನಿಂದ ಒಂದು ಸಂಸಾರ ಬಂತು. ಕತ್ತಲೆಯನ್ನು ಬಹಳ ಮೆಚ್ಚಿಕೊಂಡರು, ಮೊಬೈಲಿನ ಬೆಳಕಿನಲ್ಲಿ ಅದರ ಫೋಟೋ ತೆಗೆದರು. ರಾತ್ರಿ ಹನ್ನೊಂದರ ಸುಮಾರಿಗೆ ಮಳೆ ಹಿಡಿಯಿತು. ಅರ್ಧ ತಾಸಿನಲ್ಲಿ ಯಜಮಾನರು ಕೊಡೆ ಹಿಡಿದು ಜಗುಲಿಗೆ ಬಂದರು.

“ಎಲ್ಲ ಚೆನ್ನಾಗಿದೆ ಸಾರ್. ಮಕ್ಕಳಿಗೆ ನಿದ್ದೆ ಬರುತ್ತಿಲ್ಲ. ಸ್ವಲ್ಪ ಸೌಂಡು ಕಡಿಮೆ ಮಾಡಲು ಆಗುತ್ತದೆಯೇ?”

ಭಾವ ಎಲೆಗೆ ಸುಣ್ಣ ಸವರುತ್ತ ಮಾಡಿನ ಕಡೆ ಕತ್ತೆತ್ತಿದ.

“ಆಪರೇಟರು ಚಾ ಕುಡಿಯಲು ಹೋಗಿದ್ದಾನೆ. ಬಂದ ಮೇಲೆ ಹೇಳುತ್ತೇನೆ.”