ಸತ್ಯಾಂಶ: ಗದ್ದೆಯ ಏಡಿ ಕಡಲಿನಿಂದ ಬಂದದ್ದಲ್ಲ

ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಒಂದು ವಾಟ್ಸ್‌ಆ್ಯಪ್ ಸಂದೇಶ ಸುತ್ತುತ್ತದೆ: ‘ಗದ್ದೆಯ ಏಡಿಗಳು ಮಂಗಳೂರಿನ ಕಡಲಿನಿಂದ ಮೋಡದ ಜೊತೆ ಬಂದು ಬಿದ್ದವು.’ ಇದು ನಿಜವಲ್ಲ.

ಇವು ಸಿಹಿನೀರಿನ ಏಡಿಗಳು, ಹುಟ್ಟಿದ್ದೇ ಇಲ್ಲಿ. ಕಡಲ ಏಡಿಯ ಮೊಟ್ಟೆಯೊಡೆದರೆ ಬರುವುದು ಏಡಿಯಂತೆ ಕಾಣದ, ನೀರಲ್ಲಿ ತೇಲುವ ಸೂಕ್ಷ್ಮ ಲಾರ್ವಾ. ಹಲವು ಸಲ ಪೊರೆ ಕಳಚಿದ ಮೇಲೆ ಅದಕ್ಕೆ ಏಡಿಯ ರೂಪ. ನಮ್ಮ ಹಳ್ಳದ ಏಡಿಯ ಮೊಟ್ಟೆಯಿಂದ ನೇರವಾಗಿ ಪುಟಾಣಿ ಏಡಿಯೇ ಹೊರಬರುತ್ತದೆ. ತಾಯಿ ಕೆಲಕಾಲ ಮರಿಗಳನ್ನು ಹೊಟ್ಟೆಯಡಿ ಹೊತ್ತು ತಿರುಗುತ್ತದೆ. ಎಂಥ ಚೆಂದದ ಜೀವ! ಬೇಸಿಗೆಯಲ್ಲಿ ಬಿಲದೊಳಗಿದ್ದದ್ದು ಮಳೆಗೆ ಹೊರಬೀಳುತ್ತದೆ, ಅಷ್ಟೇ.

ಪಶ್ಚಿಮ ಘಟ್ಟದಲ್ಲಿ ಹೊಸ ಪ್ರಭೇದಗಳು ಈಗಲೂ ಸಿಗುತ್ತಿವೆ. 2022ರಲ್ಲಿ ಯಲ್ಲಾಪುರದ ಎರಡು ಬಣ್ಣದ ಏಡಿಗೆ ‘ಘಾಟಿಯಾನ ದ್ವಿವರ್ಣ’ ಎಂದು ಹೆಸರಿಟ್ಟರು. ನಿಮಗೆ ಏಡಿ ಕಂಡರೆ ಜಾಗ, ದಿನಾಂಕ ಬರೆದು ಫೋಟೊ ತೆಗೆದಿಡಿ. ಸತ್ತ ಮೇಲೆ ಬಣ್ಣ ಮಾಸುತ್ತದೆ.