ಕಡತಕ್ಕೆ ಗುರುತು ಹಚ್ಚುವ ಕೆಲಸ ಯಾರದು?

ನಾನು ದುಡಿಯುತ್ತಿರುವುದು ದಕ್ಷಿಣ ಜರ್ಮನಿಯ ಒಂದು ಯಂತ್ರ ತಯಾರಿಕಾ ಸಂಸ್ಥೆಯಲ್ಲಿ. ಅದರ ಶಾಖೆಯೊಂದು ಬೆಂಗಳೂರಿನಲ್ಲಿದೆ. ಎರಡೂ ಕಡೆಯ ನಕ್ಷೆ, ಕೊಟೇಶನ್, ಕರಾರು, ಬಿಲ್ಲುಗಳನ್ನು ಒಂದೇ ಪದ್ಧತಿಗೆ ತರಬೇಕೆಂಬ ಚರ್ಚೆ ಈಗ ನಡೆಯುತ್ತಿದೆ. ಜರ್ಮನಿಯ ಕ್ರಮವನ್ನು ಬೆಂಗಳೂರಿಗೆ ಹಾಗೆಯೇ ಒಯ್ದರೆ ಸಾಕೆಂಬುದು ಇಲ್ಲಿ ಬಹುಮಂದಿಯ ಅಭಿಪ್ರಾಯ. ನನಗೆ ಹಾಗನ್ನಿಸುವುದಿಲ್ಲ, ಎರಡೂ ಕಡೆ ಕೊರತೆಯಿರುವುದು ಒಂದೇ ಜಾಗದಲ್ಲಿ ಎನ್ನಿಸುತ್ತದೆ.

ಜರ್ಮನ್ ಕಚೇರಿಗಳ ಕಡತಶಿಸ್ತು ಕಂಪ್ಯೂಟರಿಗಿಂತ ಬಹಳ ಹಳೆಯದು. ಎ4 ಹಾಳೆಯ ಅಳತೆಯನ್ನು 1922ರಲ್ಲಿಯೇ ಗೊತ್ತುಪಡಿಸಿದ ದೇಶವಿದು. ಇಲ್ಲಿನ ಸರ್ಕಾರಿ ಕಚೇರಿಗಳಲ್ಲಿ 'ಆಕ್ಟೆನ್‌ಪ್ಲಾನ್' ಎಂಬ ಕಡತ ಯೋಜನೆ ಇರುತ್ತದೆ. ಕಾಗದ ಬರುವುದಕ್ಕೆ ಮೊದಲೇ ವಿಷಯಗಳಿಗೆಲ್ಲ ಸಂಖ್ಯೆ ನಿಗದಿಯಾಗಿರುತ್ತದೆ, ಬಂದ ಕಾಗದ ಅವುಗಳಲ್ಲೊಂದರ ಕೆಳಗೆ ಸೇರಲೇಬೇಕು. ನಮ್ಮ ಸಂಸ್ಥೆಯೂ ಇದೇ ಕಪಾಟಿನ ಬುದ್ಧಿಯನ್ನು ಸರ್ವರಿಗೆ ತಂದು, ಫೋಲ್ಡರಿನೊಳಗೆ ಫೋಲ್ಡರ್ ಇಟ್ಟು, ಎಂಟು ಹತ್ತು ಮಟ್ಟಗಳವರೆಗೆ ಇಳಿಸಿದೆ. ವಿಂಡೋಸ್‌ನಲ್ಲಿ ಫೈಲಿನ ಪೂರ್ಣ ವಿಳಾಸಕ್ಕೆ ಬಹುಕಾಲದಿಂದ ಇರುವ 260 ಅಕ್ಷರಗಳ ಮಿತಿ, ಉದ್ದುದ್ದ ಸಮಾಸಗಳ ಜರ್ಮನ್ ಭಾಷೆಯಲ್ಲಿ ಎಷ್ಟು ಬೇಗ ಮುಗಿಯುತ್ತದೆಂಬುದು ಇಲ್ಲಿಗೆ ಬಂದ ಮೇಲೆಯೇ ನನಗೆ ತಿಳಿದದ್ದು.

ಉದ್ದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಪಂಪಿನ ಕವಚದ ನಕ್ಷೆಯೊಂದು ಗ್ರಾಹಕನ ಫೋಲ್ಡರಿನಲ್ಲಿ ಇರಬೇಕೇ, ಬಿಡಿಭಾಗಗಳ ಫೋಲ್ಡರಿನಲ್ಲೇ, ಅಥವಾ ಎರಕದ ದೋಷದ ಬಗ್ಗೆ ಬಂದ ದೂರಿನ ಜೊತೆಯಲ್ಲೇ? ಉತ್ತರ ತೋಚದವರು ಮೂರು ಕಡೆಯೂ ಒಂದೊಂದು ಪ್ರತಿ ಇಡುತ್ತಾರೆ. ಮುಂದೆ ಅಳತೆ ಬದಲಾಗಿ ತಿದ್ದುಪಡಿ 'ಸಿ' ಬಂದಾಗ ಅದು ಒಂದು ಕಡೆ ಮಾತ್ರ ಸೇರಿ, ಉಳಿದೆರಡು ಕಡೆ 'ಬಿ' ಹಾಗೆಯೇ ನಿಲ್ಲುತ್ತದೆ. ಕೊನೆಗೆ ಎರಕದವನ ಕೈಗೆ ಹೋಗುವುದು 'ಬಿ'ಯೇ. ಕಾಗದಕ್ಕೆ ಒಂದೇ ಸ್ಥಳ ಅನಿವಾರ್ಯವಾಗಿತ್ತು, ಡಿಜಿಟಲ್ ಕಡತಕ್ಕೆ ಅಂಥ ಅನಿವಾರ್ಯತೆ ಇಲ್ಲ. ಒಂದೇ ಪ್ರತಿಗೆ ಗ್ರಾಹಕ, ಬಿಡಿಭಾಗ, ದೂರಿನ ಸಂಖ್ಯೆ ಎಂಬ ಮೂರು ಟ್ಯಾಗ್, ಅಂದರೆ ಗುರುತಿನ ಪದ, ಹಚ್ಚಿದರೆ ಅದು ಮೂರು ದಾರಿಯಿಂದಲೂ ಸಿಗುತ್ತದೆ.

ಬೆಂಗಳೂರಿನ ಶಾಖೆಯಲ್ಲಿ ಇಂಥ ಫೋಲ್ಡರುಗಳ ಸಾಲು ಇಲ್ಲ, ಇರುವುದು ಜನರ ನೆನಪು. ಪರ್ಚೇಸ್ ವಿಭಾಗದ ಹಿರಿಯರಿಗೆ ಫೋನು ಮಾಡಿ "ಸರ್, ಹೋದ ವರ್ಷದ ಎರಕದ ಕೊಟೇಶನ್ ಬೇಕಿತ್ತು" ಎಂದರೆ, ಇಲ್ಲಿಯವರು ಮೂರನೆಯ ಫೋಲ್ಡರನ್ನು ತೆರೆಯುವಷ್ಟರಲ್ಲಿ ಅದು ವಾಟ್ಸಾಪಿಗೆ ಬಂದಿರುತ್ತದೆ. ಜರ್ಮನ್ ಸಹೋದ್ಯೋಗಿಗಳು ಇದನ್ನು ಅಶಿಸ್ತು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ, ಹುಡುಕುವವನ ದೃಷ್ಟಿಯಿಂದ ಇದರಷ್ಟು ಚುರುಕಾದ ವ್ಯವಸ್ಥೆ ಇನ್ನೊಂದಿಲ್ಲ. ಆದರೆ ಆ ಹಿರಿಯರು ಕೆಲಸ ಬಿಟ್ಟ ದಿನ ಸೂಚಿಯೂ ಅವರ ಜೊತೆಯಲ್ಲೇ ಹೊರಟುಹೋಗುತ್ತದೆ.

ಹಾಗೆಂದು ನಮ್ಮಲ್ಲಿ ಕಡತಶಿಸ್ತಿನ ಪರಂಪರೆಯೇ ಇಲ್ಲವೆನ್ನುವುದು ಅನ್ಯಾಯ. ಕರ್ನಾಟಕ ಸರ್ಕಾರದ ಯಾವುದೇ ಆದೇಶದ ತಲೆಯ ಮೇಲಿರುವ ಸಂಖ್ಯೆಯನ್ನು ನೋಡಿ. 'ಕಂಇ' ಎಂದರೆ ಕಂದಾಯ ಇಲಾಖೆ, 'ಆಇ' ಎಂದರೆ ಆರ್ಥಿಕ ಇಲಾಖೆ. ಅದರ ಮುಂದೆ ಕ್ರಮಸಂಖ್ಯೆ, ಬಳಿಕ ಶಾಖೆಯನ್ನೋ ವಿಷಯವನ್ನೋ ಸೂಚಿಸುವ ಕಿರು ಅಕ್ಷರಗಳು, ಕೊನೆಗೆ ವರ್ಷ. ಇಷ್ಟನ್ನೂ ಕಡತ ತೆರೆದ ದಿನವೇ ವಿಷಯ ನಿರ್ವಾಹಕರು ನಮೂದಿಸುತ್ತಾರೆ. ಕಡತ ಮುಗಿದಾಗ ಶಾಶ್ವತವಾಗಿ ಇಡತಕ್ಕದ್ದೋ ಕೆಲವು ವರ್ಷ ಸಾಕೋ ಎಂದು ವರ್ಗೀಕರಿಸಿ ಅಭಿಲೇಖಾಲಯಕ್ಕೆ ಕಳುಹಿಸುತ್ತಾರೆ. ಕಡತ ಮೇಜಿನಿಂದ ಮೇಜಿಗೆ ಎಷ್ಟು ನಿಧಾನವಾಗಿ ಸಾಗುತ್ತದೆಂಬುದು ಬೇರೆ ಮಾತು. ಗುರುತು ಹಚ್ಚುವುದು ನಿರ್ದಿಷ್ಟ ವ್ಯಕ್ತಿಯೊಬ್ಬರ ಕರ್ತವ್ಯ, ಅದೂ ಮೊದಲ ದಿನದ ಕರ್ತವ್ಯ ಎಂಬ ತಿಳಿವಳಿಕೆ ಅಲ್ಲಿದೆ. ಖಾಸಗಿ ಸಂಸ್ಥೆಗಳು, ಇಲ್ಲಿಯವೂ ಅಲ್ಲಿಯವೂ, ಅದನ್ನು ಎಲ್ಲರ ಕೆಲಸವೆಂದು ಘೋಷಿಸಿ ಯಾರ ಕೆಲಸವೂ ಅಲ್ಲದಂತೆ ಮಾಡಿಕೊಂಡಿವೆ.

ಆದ್ದರಿಂದ ಚರ್ಚೆಯಲ್ಲಿ ನಾನು ಹಿಡಿದಿರುವ ಪಟ್ಟು ತಂತ್ರಾಂಶದ ಆಯ್ಕೆಯ ಬಗ್ಗೆ ಅಲ್ಲ. ದಾಖಲೆಯ ಬಗೆ, ಯೋಜನೆಯ ಸಂಖ್ಯೆ, ಎದುರು ಪಕ್ಷ (ಗ್ರಾಹಕ ಅಥವಾ ಪೂರೈಕೆದಾರ), ಸ್ಥಿತಿ (ಕರಡೋ ಅಂತಿಮವೋ) ಈ ನಾಲ್ಕನ್ನು ಉಳಿಸುವಾಗಲೇ ತುಂಬಬೇಕು. ದಿನಾಂಕ ಮತ್ತು ಬರೆದವರ ಹೆಸರನ್ನು ಯಂತ್ರವೇ ತುಂಬಲಿ. ಪದಗಳನ್ನು ಪಟ್ಟಿಯಿಂದ ಆರಿಸಬೇಕೇ ಹೊರತು ಟೈಪಿಸುವಂತಿರಬಾರದು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಬದಲಾದ ಬಳಿಕ, ಒಂದೇ ಊರಿನ ಕಡತಗಳು ನಮ್ಮಲ್ಲಿ 'ಬ್ಯಾಂಗಲೋರ್', 'ಬೆಂಗಳೂರು', 'ಬಿಎಲ್‌ಆರ್' ಎಂದು ಮೂರು ಪಾಲಾಗಿ ಕುಳಿತಿವೆ. ಪಟ್ಟಿಯಲ್ಲಿ 'ಇತರೆ' ಎಂಬುದೊಂದು ಇರಲೇಬೇಕು, ಆದರೆ ಅದರ ಮೇಲೆ ಯಾರಾದರೂ ಕಣ್ಣಿಟ್ಟಿರಬೇಕು. ಇಲ್ಲವಾದರೆ ಕೆಲವೇ ತಿಂಗಳಲ್ಲಿ ಅರ್ಧ ಕಚೇರಿ ಅದರೊಳಗೆ ಸೇರಿರುತ್ತದೆ. ಪ್ರತಿ ವಿಭಾಗದಲ್ಲೂ ಒಬ್ಬರಿಗೆ ಈ ಹೊಣೆ ವಹಿಸಿ, ಅದಕ್ಕಾಗಿ ಅವರ ವೇಳೆಯಲ್ಲಿ ಒಂದಿಷ್ಟನ್ನು ಬಿಡಿಸಿಕೊಡಬೇಕೆಂದಾಗಲೆಲ್ಲ ಸಭೆಯಲ್ಲಿ ಮೌನ ಆವರಿಸುತ್ತದೆ. ತಂತ್ರಾಂಶಕ್ಕೆ ಹಣವಿದೆ, ಮನುಷ್ಯನ ಅರ್ಧ ದಿನಕ್ಕಿಲ್ಲ.

ಜರ್ಮನಿಯಿಂದ ಬೆಂಗಳೂರು ಕಲಿಯಬೇಕಾದದ್ದು ಫೋಲ್ಡರುಗಳ ಆಳವನ್ನಲ್ಲ, ಅವಧಿಯ ಲೆಕ್ಕವನ್ನು. ಇಲ್ಲಿಯ ಕಾನೂನಿನಂತೆ ಲೆಕ್ಕದ ಪುಸ್ತಕಗಳನ್ನು 10 ವರ್ಷ, ವ್ಯವಹಾರದ ಪತ್ರಗಳನ್ನು 6 ವರ್ಷ ಕಾಯ್ದಿಡಬೇಕು. ವೋಚರುಗಳ ಅವಧಿ 2025ರಿಂದ 10ರ ಬದಲು 8 ವರ್ಷಕ್ಕೆ ಇಳಿದಿದೆ. ದಾಖಲೆಯ ಬಗೆ ಸರಿಯಾಗಿ ನಮೂದಾಗಿದ್ದರೆ ಅದನ್ನು ಅಳಿಸಬಹುದಾದ ದಿನವನ್ನು ಯಂತ್ರವೇ ಎಣಿಸುತ್ತದೆ. ಭಾರತದ ಅವಧಿಗಳು ಬೇರೆ, ಲೆಕ್ಕದ ರೀತಿ ಅದೇ. ಏನನ್ನೂ ಅಳಿಸದೆ "ಇರಲಿ, ಮುಂದೆ ಬೇಕಾದೀತು" ಎನ್ನುವ ಅಭ್ಯಾಸ ನಮ್ಮವರಲ್ಲಿ ಹೆಚ್ಚು. ಹುಡುಕಿದಾಗ ಬೇಕಾದದ್ದರ ಜೊತೆ ಬೇಡದ ನೂರು ಏಳುವುದು ಅದರಿಂದಲೇ.

ಇನ್ನು ಬೆಂಗಳೂರಿನ ಹಳೆಯ ಕನ್ನಡ ಕಡತಗಳಿವೆ: ಬಾಡಿಗೆ ಕರಾರು, ಕಾರ್ಮಿಕ ಇಲಾಖೆಯ ಜೊತೆಗಿನ ಪತ್ರಗಳು, ಪಂಚಾಯಿತಿಯ ರಸೀದಿಗಳು. ಇವು ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಸಿದ್ಧವಾದವು; ಪರದೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ರೋಮನ್ ಅಕ್ಷರಗಳ ಸಂಕೇತವಾದ್ದರಿಂದ, ಎಷ್ಟೇ ಹುಡುಕಿದರೂ ಒಂದು ಪದವೂ ಸಿಗುವುದಿಲ್ಲ. ಎಲ್ಲವನ್ನೂ ಪರಿವರ್ತಿಸುವುದು ವ್ಯರ್ಥ ಶ್ರಮ. ಕರಾರುಗಳನ್ನು ಮೊದಲು ಯೂನಿಕೋಡಿಗೆ ತಂದು, ಉಳಿದವಕ್ಕೆ ಸದ್ಯ ಬಗೆ ಮತ್ತು ವರ್ಷವನ್ನಷ್ಟೇ ಹಚ್ಚಿ ಬಿಟ್ಟರೆ, ಅವುಗಳಲ್ಲಿ ಹೆಚ್ಚಿನವು ಯಾರೂ ತೆರೆಯುವ ಮೊದಲೇ ಅವಧಿ ಮುಗಿಸಿರುತ್ತವೆ.